ಕೊಳವೆಯ ಬೆಸುಗೆ, ಬಿರುಕಿನ ಚರಿತ್ರೆ

ಶಿವನಸಮುದ್ರದ ವಿದ್ಯುತ್ತಿನ ಕಥೆ ಮೈಸೂರಿನವರಿಗೆ ಹೊಸದೇನಲ್ಲ. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಮೈಸೂರು ನಗರದ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ. ಈ ಕಥೆ ಹೇಳುವವರು ಜಲಪಾತವನ್ನೂ ದಿವಾನರನ್ನೂ ಗಣಿಯನ್ನೂ ನೆನೆಯುತ್ತಾರೆ. ಕಾವೇರಿಯ ನೀರನ್ನು ಎತ್ತರದಿಂದ ಟರ್ಬೈನಿಗೆ ಇಳಿಸಿದ ಕೊಳವೆಗಳನ್ನು ನೆನೆಯುವವರು ಕಡಿಮೆ.

ಆ ಕಾಲಕ್ಕೆ ವಿದ್ಯುತ್ ಬೆಸುಗೆ ಇನ್ನೂ ರೂಢಿಗೆ ಬಂದಿರಲಿಲ್ಲ. ಉಕ್ಕಿನ ತಗಡನ್ನು ಬಾಗಿಸಿ, ಅಂಚಿನ ಮೇಲೆ ಅಂಚು ಕೂರಿಸಿ, ರಿವೆಟ್ ಹೊಡೆದು ದೊಡ್ಡ ಕೊಳವೆ ಮಾಡುವುದು ಅಂದಿನ ಕ್ರಮ. ರಿವೆಟ್ಟಿನ ಕೊಳವೆ ಭಾರ. ಅಲ್ಲಲ್ಲಿ ಜಿನುಗುವುದೂ ಉಂಟು. ಆದರೆ ಅದರಲ್ಲಿ ಯಾರೂ ಬೇಕೆಂದು ಇಡದ ಒಂದು ಗುಣವಿತ್ತು. ಒಂದು ತಗಡಿನಲ್ಲಿ ಹುಟ್ಟಿದ ಬಿರುಕು ಸಾಮಾನ್ಯವಾಗಿ ಆ ತಗಡಿನ ಅಂಚಿಗೆ ಬಂದು ನಿಂತುಬಿಡುತ್ತಿತ್ತು. ಪಕ್ಕದ ತಗಡು ಬೇರೆಯದೇ ಆದ್ದರಿಂದ ಬಿರುಕಿಗೆ ದಾಟಲು ಸೇತುವೆ ಇರಲಿಲ್ಲ.

ಬೆಸುಗೆ ಬಂದಾಗ ಈ ಸೇತುವೆಯೂ ಬಂತು. ಬೆಸೆದ ರಚನೆಯೆಲ್ಲ ಒಂದೇ ಲೋಹದ ತುಂಡು. ಎಲ್ಲೋ ಹುಟ್ಟಿದ ಬಿರುಕಿಗೆ ಎಲ್ಲಿಗೆ ಬೇಕಾದರೂ ದಾರಿ. ಜಗತ್ತಿಗೆ ಈ ಪಾಠ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಹಡಗುಗಳಿಂದ. ಅಮೆರಿಕ ಆಗ 2,700ಕ್ಕೂ ಹೆಚ್ಚು ‘ಲಿಬರ್ಟಿ’ ಹಡಗುಗಳನ್ನು ರಿವೆಟ್ ಬಿಟ್ಟು ಬೆಸುಗೆಯಿಂದ ಕಟ್ಟಿತು. ಅವುಗಳಲ್ಲಿ ಹಲವು ಚಳಿಯ ಕಡಲಿನಲ್ಲಿ ಬಿರುಕು ಬಿಟ್ಟವು. 1943ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ಎಣ್ಣೆ ಹಡಗಂತೂ ಅಲೆಯಿಲ್ಲದ ನೀರಿನಲ್ಲಿ, ಕಟ್ಟಿದ ಜಾಗದಲ್ಲೇ ನಡು ಮುರಿದುಕೊಂಡಿತು. ದೂರು ಮೊದಲು ಬೆಸುಗೆಗಾರರ ಮೇಲೆ ಬಂತು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಮಹಿಳೆ ಆ ಉಕ್ಕನ್ನೇ ಪರೀಕ್ಷಿಸಿ, ಒಂದು ಮಟ್ಟಕ್ಕಿಂತ ತಣ್ಣಗಾದರೆ ಅದು ಬಾಗುವ ಗುಣವನ್ನು ಕಳೆದುಕೊಂಡು ಗಾಜಿನಂತೆ ಪೆಡಸಾಗುತ್ತದೆ ಎಂದು ತೋರಿಸಿಕೊಟ್ಟರು. ಎಳೆದರೆ ತಡೆಯುವ ಬಲ ಬೇರೆ, ಬಿರುಕು ಬಿದ್ದ ಮೇಲೂ ತಾಳಿಕೊಳ್ಳುವ ಗುಣ ಬೇರೆ. ಇದು ಬಹಳ ದುಬಾರಿಯಾಗಿ ಕಲಿತ ಪಾಠ.

ಈ ತಾಳಿಕೆಯನ್ನು ಅಳೆಯುವ ಹಳೆಯ ಯಂತ್ರವನ್ನು ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಬಲ್ಲರು. ಫ್ರಾನ್ಸಿನ ಜಾರ್ಜ್ ಶಾರ್ಪಿ 1901ರಲ್ಲಿ ವಿವರಿಸಿದ ಪರೀಕ್ಷೆ ಅದು. 10 ಮಿಲಿಮೀಟರ್ ಚೌಕದ, 55 ಮಿಲಿಮೀಟರ್ ಉದ್ದದ ಉಕ್ಕಿನ ಕಡ್ಡಿಗೆ ಒಂದು ಕಚ್ಚು ಮಾಡಿ, ಲೋಲಕದಂತೆ ತೂಗುವ ಭಾರವಾದ ಸುತ್ತಿಗೆಯನ್ನು ಬಿಡುತ್ತಾರೆ. ಕಡ್ಡಿ ಮುರಿದ ಮೇಲೆ ಸುತ್ತಿಗೆ ಆಚೆ ಎಷ್ಟು ಎತ್ತರಕ್ಕೆ ಏರಿತೆಂದು ನೋಡಿದರೆ, ಮುರಿಯಲು ಖರ್ಚಾದ ಶಕ್ತಿ ಎಷ್ಟು ಜೂಲ್ ಎಂಬುದು ತಿಳಿಯುತ್ತದೆ. ಉಕ್ಕು ತಾಳುವಂಥದ್ದಾದರೆ ಸುತ್ತಿಗೆ ಸುಸ್ತಾಗಿ ಮೇಲೇರುತ್ತದೆ. ಪೆಡಸಾಗಿದ್ದರೆ ಏನೂ ಆಗದಂತೆ ಹಾರುತ್ತದೆ. ಪರೀಕ್ಷಕರು ಮುರಿದ ಮುಖವನ್ನೂ ನೋಡುತ್ತಾರೆ. ಮಂಕಾಗಿ ನಾರುನಾರಾಗಿದ್ದರೆ ಸಮಾಧಾನ, ಸಕ್ಕರೆಯ ಹರಳಿನಂತೆ ಹೊಳೆದರೆ ಚಿಂತೆ.

ಅಗ್ಗವಾದ, ಬೇಗ ಮುಗಿಯುವ ಪರೀಕ್ಷೆ ಇದು. ಆದರೆ ಬೆಸುಗೆಯಲ್ಲಿ ಇಷ್ಟುದ್ದದ ದೋಷವಿದೆ, ಕೊಳವೆಯೊಳಗೆ ಇಷ್ಟು ಒತ್ತಡವಿದೆ, ಇದು ಉಳಿದೀತೇ ಎಂದು ಕೇಳಿದರೆ ಜೂಲ್‌ಗಳ ಲೆಕ್ಕ ನೇರ ಉತ್ತರ ಕೊಡುವುದಿಲ್ಲ. ಆ ದಾರಿಯನ್ನು 1961ರಲ್ಲಿ ತೆರೆದವರು ಬ್ರಿಟನ್ನಿನ ಬೆಸುಗೆ ಸಂಶೋಧಕ ಅಲನ್ ವೆಲ್ಸ್. ಅವರ ವಿಚಾರದಿಂದ ಬೆಳೆದ ಪರೀಕ್ಷೆಯಲ್ಲಿ, ಬೆಸುಗೆಯಿಂದ ಕತ್ತರಿಸಿದ ತುಂಡಿನಲ್ಲಿ ಮೊದಲೇ ನಿಜವಾದ ಒಂದು ಸಣ್ಣ ಬಿರುಕನ್ನು ಬೆಳೆಸುತ್ತಾರೆ. ಆಮೇಲೆ ನಿಧಾನವಾಗಿ ಬಾಗಿಸುತ್ತ, ಬಿರುಕಿನ ತುದಿ ಹರಿಯುವ ಮುನ್ನ ಎಷ್ಟು ಬಾಯಿ ತೆರೆಯಿತೆಂದು ಅಳೆಯುತ್ತಾರೆ. ಉತ್ತರ ಮಿಲಿಮೀಟರಿನ ಭಾಗಗಳಲ್ಲಿ ಬರುತ್ತದೆ. ಅದನ್ನು ಹಿಡಿದು ಎಷ್ಟು ದೊಡ್ಡ ದೋಷವನ್ನು ಸಹಿಸಬಹುದೆಂದು ಲೆಕ್ಕ ಹಾಕಬಹುದು.

ಬಿರುಕನ್ನು ಎಲ್ಲಿ ಕೂರಿಸಬೇಕೆಂಬುದೇ ಇಲ್ಲಿ ಕಷ್ಟದ ಕೆಲಸ. ಬೆಸುಗೆಯ ಪಕ್ಕದಲ್ಲಿ ಕರಗದೆ, ಆದರೆ ಚೆನ್ನಾಗಿ ಕಾದು ಗುಣ ಬದಲಾದ ಒಂದು ಸಣ್ಣ ಪಟ್ಟಿ ಇರುತ್ತದೆ. ತಾಳಿಕೆ ಹಲವು ಸಲ ಕುಸಿಯುವುದು ಅಲ್ಲೇ. ಬಿರುಕಿನ ತುದಿ ಕೂದಲೆಳೆಯಷ್ಟು ಆಚೀಚೆಯಾದರೂ ಪರೀಕ್ಷೆ ಒಳ್ಳೆಯ ಲೋಹವನ್ನು ಅಳೆದು ಸುಳ್ಳು ಸಮಾಧಾನ ಕೊಟ್ಟೀತು.

ಕೊಳವೆಯ ವಿಷಯದಲ್ಲಿ ಇಷ್ಟು ಆತಂಕವೇಕೆ? 1960ರಲ್ಲಿ ಅಮೆರಿಕದ ಒಂದು ಅನಿಲ ಕೊಳವೆಮಾರ್ಗವನ್ನು ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವಾಗ ಹುಟ್ಟಿದ ಬಿರುಕು ಸುಮಾರು 13 ಕಿಲೋಮೀಟರ್ ಓಡಿತು. ನೀರು ತುಂಬಿದ ಕೊಳವೆ ಒಡೆದರೆ ಒತ್ತಡ ತಟ್ಟನೆ ಇಳಿಯುತ್ತದೆ. ಅನಿಲ ಹಾಗಲ್ಲ, ಪೆಡಸು ಉಕ್ಕಿನ ಬಿರುಕು ಅನಿಲದ ಒತ್ತಡ ಇಳಿಯುವ ಅಲೆಗಿಂತಲೂ ಮುಂದೆ ಓಡಬಲ್ಲದು.

ಈಗ ನಮ್ಮ ಸೀಮೆಗೇ ಬರೋಣ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ಹಲವರು ಸತ್ತರು. ರಸ್ತೆಗಿಂತ ನೆಲದಡಿಯ ಕೊಳವೆ ವಾಸಿ ಎಂಬ ಮಾತಿಗೆ ಅದು ಬಲ ತಂದಿತು. ಆ ದಶಕದಲ್ಲೇ ಮಂಗಳೂರಿನಿಂದ ಹಾಸನದ ಮೇಲೆ ಮೈಸೂರಿಗೂ ಅಡುಗೆ ಅನಿಲದ ಕೊಳವೆ ಬಂತು. ಮೈಸೂರಿನ ಹವೆಯಲ್ಲಿ ಉಕ್ಕು ಪೆಡಸಾಗುವಷ್ಟು ಚಳಿ ಎಲ್ಲಿಂದ ಬಂದೀತು ಎನ್ನಬಹುದು. ಹೋಟೆಲಿನ ಅಡುಗೆಮನೆಯಲ್ಲಿ ದೊಡ್ಡ ಒಲೆ ಭರದಿಂದ ಉರಿಯುವಾಗ ಸಿಲಿಂಡರಿನ ಹೊರಮೈ ಬೆವರುವುದನ್ನೂ ಕೆಲವೊಮ್ಮೆ ಬೆಳ್ಳಗೆ ಹಿಮ ಕಟ್ಟುವುದನ್ನೂ ಕಂಡವರಿಗೆ ಉತ್ತರ ಗೊತ್ತು. ಈ ಅನಿಲದ ಮುಖ್ಯ ಭಾಗಗಳಲ್ಲಿ ಒಂದಾದ ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಎಲ್ಲಾದರೂ ಸೋರಿದರೆ ಅದು ಆವಿಯಾಗುತ್ತ ಸುತ್ತಲಿನ ಲೋಹದ ಶಾಖವನ್ನು ಹೀರಿಬಿಡುತ್ತದೆ; ಹೊರಗೆ ಚೈತ್ರದ ಬಿಸಿಲಿದ್ದರೂ ಆ ಜಾಗದ ಬೆಸುಗೆಗೆ ಉತ್ತರ ಧ್ರುವದ ಚಳಿ.

ಆದ್ದರಿಂದಲೇ ಇಂಥ ಕೆಲಸಗಳಲ್ಲಿ ಕೊಳವೆ ಕಂದಕಕ್ಕೆ ಇಳಿಯುವ ಮೊದಲು ಮಾದರಿ ಬೆಸುಗೆಯೊಂದನ್ನು ಮಾಡಿಸಿ, ತುಂಡು ಕತ್ತರಿಸಿ, ತಣ್ಣನೆಯ ದ್ರವದಲ್ಲಿ ಅದ್ದಿ ತೆಗೆದು, ಕೆಲವೇ ಸೆಕೆಂಡುಗಳೊಳಗೆ ಸುತ್ತಿಗೆಗೆ ಕೊಡುತ್ತಾರೆ. ತಡವಾದರೆ ಕೋಣೆಯ ಬಿಸಿ ಹತ್ತಿ, ದುರ್ಬಲ ಬೆಸುಗೆಯೂ ಪಾಸಾದೀತು.