ಹಿಮಫಲಕದ ಮೇಲೆ ವನಿತೆಯರ ದೀರ್ಘಧಾವನ

ಶಿರಾ ಗೇಟನ್ನು ದಾಟಿ ಬಡಗಣಕ್ಕೆ ಹಬ್ಬಿರುವ ಬಯಲುಸೀಮೆಯವರಿಗೆ ಹಿಮವೆಂಬುದು ಕಾಳಿದಾಸನ ವರ್ಣನೆಯಿಂದ ಪರಿಚಿತವೇ ಹೊರತು ಕಾಲಿನ ಕೆಳಗಣ ವಸ್ತುವಲ್ಲ. ತುಮಕೂರಿನ ಅಮಾನಿಕೆರೆಯು ಬತ್ತುವುದುಂಟು, ಹೆಪ್ಪುಗಟ್ಟುವುದಿಲ್ಲ. ಆದರೆ ಯೂರೋಪಿನ ಶೀತದೇಶಗಳಲ್ಲಿ ಹೆಪ್ಪುಗಟ್ಟಿದ ಕೆರೆಕಾಲುವೆಗಳೇ ಚಳಿಗಾಲದ ಮಾರ್ಗಗಳಾಗಿದ್ದುವು. ಪಾದರಕ್ಷೆಗೆ ಉಕ್ಕಿನ ಅಲಗನ್ನು ಜೋಡಿಸಿ ಅವುಗಳ ಮೇಲೆ ಜಾರುವ ವಿದ್ಯೆಯಿಂದಲೇ ವೇಗದ ಸ್ಕೇಟಿಂಗ್ ಕ್ರೀಡೆಯು ಬೆಳೆಯಿತು. ಅದರಲ್ಲಿ ಸ್ತ್ರೀಯರು ದೀರ್ಘದೂರದ ಅಧಿಕಾರವನ್ನು ಪಡೆದ ಬಗೆಯು ವಿಚಾರಾರ್ಹವಾಗಿದೆ.

1924ರ ಶಾಮೊನಿ ಒಲಿಂಪಿಕ್ಸಿನಲ್ಲಿ ಪುರುಷರಿಗೆ 5000 ಮತ್ತು 10000 ಮೀಟರುಗಳ ಸ್ಪರ್ಧೆಗಳಿದ್ದುವು. ಸ್ತ್ರೀಯರಿಗೆ ಒಂದೂ ಇರಲಿಲ್ಲ. 1932ರಲ್ಲಿ ಲೇಕ್ ಪ್ಲಾಸಿಡಿನಲ್ಲಿ ಅವರ ಮೂರು ಓಟಗಳು ಪ್ರದರ್ಶನಾರ್ಥವಾಗಿ ಮಾತ್ರ ನಡೆದುವು. ಅತಿ ದೀರ್ಘವಾದುದು 1500 ಮೀಟರು. 1936ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಧಿಕೃತವಾದ ಪ್ರಥಮ ವಿಶ್ವಸ್ಪರ್ಧೆಯು ನಡೆದು, ಅಮೆರಿಕದ ಕಿಟ್ ಕ್ಲೈನ್ ಗೆದ್ದಳು. ಮೂರು ಮೈಲಿಗೆ ಮಿಗಿಲಾದ 5000 ಮೀಟರನ್ನು ವನಿತೆಯರು ಅಲ್ಲಿ ಓಡಿ ತೋರಿಸಿದರು. ಆದಾಗ್ಯೂ ಅದೇ ತಿಂಗಳ ಗಾರ್ಮಿಶ್ ಒಲಿಂಪಿಕ್ಸಿನಲ್ಲಿ ಅವರಿಗೆ ಸ್ಕೇಟಿಂಗ್ ಓಟವೇ ಇರಲಿಲ್ಲ. ಹದಿನಾರು ವಯಸ್ಸಿನ ನಾರ್ವೆಯ ಲೈಲಾ ಶೌ ನಿಲ್ಸನ್ ಹಿಮಜಾರುಹಲಗೆಯ ಸ್ಪರ್ಧೆಗಿಳಿದು ಕಂಚನ್ನು ಗಳಿಸಿದಳು. 1937, 1938ರಲ್ಲಿ ಸ್ಕೇಟಿಂಗಿನ ವಿಶ್ವವಿಜೇತೆ ಅವಳೇ!

1950ರ ದಶಕದ ನಡುವೆ ವಿಶ್ವಸ್ಪರ್ಧೆಯಿಂದಲೂ 5000 ಮೀಟರು ಲೋಪವಾಯಿತು. 1960ರಲ್ಲಿ ಸ್ಕ್ವಾ ವ್ಯಾಲಿಯ ಒಲಿಂಪಿಕ್ಸು ಸ್ತ್ರೀಯರಿಗೆ ಬಾಗಿಲು ತೆರೆದರೂ 3000 ಮೀಟರೇ ಎಲ್ಲೆಯಾಯಿತು. ಆ ಓಟವನ್ನು ಗೆದ್ದ ಸೋವಿಯತ್ ದೇಶದ ಲಿಡಿಯಾ ಸ್ಕೋಬ್ಲಿಕೋವಾ 1964ರಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ನಾಲ್ಕು ದಿನಗಳಲ್ಲಿ ನಾಲ್ಕು ಸ್ವರ್ಣಪದಕಗಳನ್ನು ಪಡೆದಳು. 5000 ಮೀಟರು ವಿಶ್ವಸ್ಪರ್ಧೆಗೆ ಮರಳಿದುದು 1983ರಲ್ಲಿ. ಒಲಿಂಪಿಕ್ಸನ್ನು ಸೇರಿದುದು 1988ರಲ್ಲಿ, ಕ್ಯಾಲ್ಗರಿಯಲ್ಲಿ. ಕೆಲವೇ ತಿಂಗಳ ಹಿಂದೆ ಪಾದಕ್ಕೆ ಶಸ್ತ್ರಚಿಕಿತ್ಸೆಯಾಗಿದ್ದ ನೆದರ್‌ಲೆಂಡಿನ ಇವೊನ್ ವಾನ್ ಗೆನ್ನಿಪ್ ಹನ್ನೆರಡೂವರೆ ಸುತ್ತುಗಳನ್ನು 7 ನಿಮಿಷ 14.13 ಸೆಕೆಂಡುಗಳಲ್ಲಿ ಮುಗಿಸಿದಳು. ಪುರುಷರಿಗೆ ದೊರೆತ 64 ವರ್ಷಗಳ ಬಳಿಕ ಸ್ತ್ರೀಯರಿಗೆ ಆ ಓಟವು ದೊರೆಯಿತು.

ಸಾಮರ್ಥ್ಯವಿದ್ದವನಿಗೆ ಅಧಿಕಾರವೆಂಬುದು ಶಾಸ್ತ್ರಜ್ಞರ ನ್ಯಾಯ. ಇಲ್ಲಿಯಾದರೋ ಸಾಮರ್ಥ್ಯವು 1936ರಲ್ಲೇ ಸಿದ್ಧವಾಗಿತ್ತು. ಅಧಿಕಾರವು ಅರ್ಧ ಶತಮಾನ ತಡವಾಯಿತು. ಆದುದರಿಂದ ಕೊರತೆಯಿದ್ದುದು ದೇಹದಲ್ಲಲ್ಲ, ನಿಯಮ ಬರೆದವರ ನಂಬಿಕೆಯಲ್ಲಿ. ಸ್ವದೇಶದಲ್ಲಿ ಮಾಡು ಹೊದೆಸಿದ ದೀರ್ಘಪಥದ ಹಿಮಾಂಗಣವಿಲ್ಲದ ಚೆಕ್ ದೇಶದ ಮಾರ್ಟಿನಾ ಸಾಬ್ಲಿಕೋವಾ 2010, 2014ರಲ್ಲಿ ಇದೇ ಓಟವನ್ನು ಗೆದ್ದಳು. ಹಿಮಪಥವೇ ವಿರಳವಾದ ಭಾರತದ ವನಿತೆಯರೂ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಚಕ್ರದ ಸ್ಕೇಟಿನ 3000 ಮೀಟರು ರಿಲೇಯಲ್ಲಿ ಕಂಚನ್ನು ತಂದರು. ಒಲಿಂಪಿಕ್ಸಿನ 10000 ಮೀಟರು ಮಾತ್ರ ಸ್ತ್ರೀಯರಿಗೆ ಇನ್ನೂ ತೆರೆದಿಲ್ಲ. ಮನೆಯ ಹೆಣ್ಣುಮಗಳ ಓದಿಗೋ ಓಟಕ್ಕೋ ಎಲ್ಲೆಯನ್ನು ಗೆರೆಯೆಳೆಯುವ ಮುನ್ನ ಹಿರಿಯರು ಈ ಚರಿತ್ರೆಯನ್ನು ಸ್ಮರಿಸುವುದು ಯುಕ್ತವಾಗಿದೆ.