ಅಡಮಾನಕ್ಕೆ ಬಾರದ ಕೆರೆಗಳು

ಸೇಲಂ ಮತ್ತು ಧರ್ಮಪುರಿ ಸೀಮೆಯಲ್ಲಿ ನೆಲ ಜಲಗಳ ರಕ್ಷಣೆಗೆ ಹಣ ಹೊಂದಿಸಿದ ಚರಿತ್ರೆಯಲ್ಲಿ ಒಂದು ವೈಪರೀತ್ಯ ಎದ್ದು ಕಾಣುತ್ತದೆ. ಒಂಟಿ ರೈತನ ಬಾವಿಗೆ ಸಾಲ ಹುಟ್ಟಿತು, ಕಾವೇರಿಗೆ ಅಡ್ಡಲಾಗಿ ಎದ್ದ ಮೆಟ್ಟೂರು ಅಣೆಕಟ್ಟಿಗೂ ಸಾಲ ಹುಟ್ಟಿತು, ಆದರೆ ಇವೆರಡರ ನಡುವೆ ನಿಂತ ಊರ ಕೆರೆಗೆ ಮಾತ್ರ ಸಾಲ ಹುಟ್ಟಲಿಲ್ಲ. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವೇ ಆಗಿದ್ದು, ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕಾರಣ, ಹಳೆಯ ಕಾಲದ ಮಾತು ಬಂದಲ್ಲಿ ಸೇಲಂ ಎಂದರೆ ಹೊಸೂರು, ಡೆಂಕಣಿಕೋಟೆಗಳ ಕನ್ನಡ ಹಳ್ಳಿಗಳನ್ನೂ ಒಳಗೊಂಡ ಇಡೀ ಪ್ರದೇಶವೆಂದು ತಿಳಿಯಬೇಕು.

ಮುಂದೆ ಬರುವ ಆದಾಯವನ್ನು ಇಂದಿನ ಕೆಲಸಕ್ಕೆ ಕಟ್ಟಿಡುವ ಯೋಚನೆ ಈ ನೆಲಕ್ಕೆ ಹೊಸದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬ ಮಹೇಂದ್ರನ ಕಾಲದ, ಕ್ರಿ.ಶ. 893ರ ಅಲ್ಲಿನ ಕನ್ನಡ ಶಾಸನವು, ನಿಧಿಯಣ್ಣ ಮತ್ತು ಚಂದಿಯಣ್ಣ ಎಂಬವರು ಕಟ್ಟಿಸಿದ ಬಸದಿಗೆ ಮೂಲಪಳ್ಳಿಯೆಂಬ ಊರನ್ನೇ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ಕಟ್ಟಡ ಒಮ್ಮೆ ಎದ್ದರೆ ಸಾಲದು, ಅದನ್ನು ಉಳಿಸಿಕೊಳ್ಳಲು ವರ್ಷವರ್ಷವೂ ಹುಟ್ಟುವಳಿ ಬೇಕು ಎಂಬ ತಿಳಿವಳಿಕೆ ಅಂಥ ದತ್ತಿಗಳ ಹಿಂದಿದೆ. ಮೇಲಿನ ಮೈಸೂರು ಸೀಮೆಯಲ್ಲಿ ಇದೇ ತಿಳಿವಳಿಕೆ ಕೆರೆಗಳಿಗೂ ಅನ್ವಯವಾಯಿತು. ಕೆರೆ ಕಟ್ಟಿಸಿದವನಿಗೆ ಅಥವಾ ಒಡೆದ ಏರಿಯನ್ನು ಸರಿಪಡಿಸಿದವನಿಗೆ ಆ ಕೆರೆಯ ಅಚ್ಚುಕಟ್ಟಿನಲ್ಲೇ, ಅಂದರೆ ಅದರ ನೀರು ಹರಿಯುವ ಗದ್ದೆಯಲ್ಲೇ, ಭೂಮಿ ಬಿಟ್ಟುಕೊಡುವ ಪದ್ಧತಿಗೆ ಕಟ್ಟುಗೊಡಗೆ ಎಂಬ ಹೆಸರಿತ್ತು. ಇದು ಸಾಲವಲ್ಲ, ನಿಜ. ಆದರೆ ನೀರು ನಿಂತರೆ ಮಾತ್ರ ಕೊಡಗೆಗೆ ಬೆಲೆ ಬರುತ್ತಿದ್ದುದರಿಂದ, ಹಣ ಹಾಕಿದವನ ಲಾಭ ಕೆರೆಯ ಕ್ಷೇಮಕ್ಕೆ ತಾನಾಗಿ ಅಂಟಿಕೊಂಡಿತ್ತು. ಮುಂದಿನ ಯಾವ ಸಾಲಪತ್ರವೂ ಈ ನಂಟನ್ನು ಇಷ್ಟು ಸರಳವಾಗಿ ಹೆಣೆದಂತಿಲ್ಲ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಧರ್ಮಪುರಿ, ಕೃಷ್ಣಗಿರಿಗಳ ಸುತ್ತಲಿನ ಬಾರಾಮಹಲನ್ನೂ ಸೇಲಂ ಊರಿನ ಸುತ್ತಲ ಸೀಮೆಯನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿ ಹೊಲಹೊಲವನ್ನೂ ಅಳೆದು, ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ತಳಪಾಯ ಹಾಕಿದರು. ಹೊಲಕ್ಕೆ ಪಟ್ಟಾ ಬಂತು, ಪಟ್ಟಾದಾರನಿಗೆ ಹೆಸರು ಬಂತು. ಕೆರೆಯಂಗಳ ಮಾತ್ರ ಯಾರ ಪಟ್ಟಾಕ್ಕೂ ಸೇರದ ಸರ್ಕಾರಿ ನೆಲವಾಗಿ, ಪುರಂಬೋಕು ಎಂದು ದಾಖಲಾಯಿತು. ಏರಿಗೆ ಮಣ್ಣು ಹಾಕುವುದು, ಕಾಲುವೆಯ ಹೂಳು ತೆಗೆಯುವುದು ಮುಂತಾದ ಸಣ್ಣ ಕೆಲಸಗಳನ್ನು ಊರವರೇ ಮಾಡಬೇಕೆಂಬ ಹಳೆಯ ಕಟ್ಟಲೆಗೆ ಕುಡಿಮರಾಮತ್ತು ಎನ್ನುತ್ತಿದ್ದರು. ಆ ಕಟ್ಟಲೆ ಸಡಿಲವಾದಾಗ 1858ರಲ್ಲಿ ಮದ್ರಾಸಿನಲ್ಲಿ ಒಂದು ಕಾಯಿದೆಯೇ ಹೊರಟು, ಕೆಲಸಕ್ಕೆ ಬಾರದವನಿಂದ ಕೂಲಿಯ ಎರಡರಷ್ಟು ವಸೂಲು ಮಾಡಬಹುದೆಂದು ವಿಧಿಸಿತು. ಕಟ್ಟಲೆಯೊಂದಕ್ಕೆ ದಂಡದ ಆಸರೆ ಬೇಕಾಯಿತೆಂದರೆ ಅದರ ಜೀವ ಅದಾಗಲೇ ಕುಂದಿತ್ತೆಂದೇ ಅರ್ಥ.

1876–78ರ ಕ್ಷಾಮ ಸೇಲಂ ಜಿಲ್ಲೆಯನ್ನು ನುಚ್ಚುನೂರು ಮಾಡಿತು. 1871ರ ಜನಗಣತಿಯಲ್ಲಿ ಸುಮಾರು 19 ಲಕ್ಷ 67 ಸಾವಿರವಿದ್ದ ಜನಸಂಖ್ಯೆ 1881ರಲ್ಲಿ 16 ಲಕ್ಷಕ್ಕೆ ಇಳಿದಿತ್ತು. ಆ ಆಘಾತದ ಬೆನ್ನಿಗೆ ಬಂದ 1883ರ ಭೂ ಸುಧಾರಣಾ ಸಾಲಗಳ ಕಾಯಿದೆ, ತಕ್ಕಾವಿ ಎಂದು ಹೆಸರಾಗಿದ್ದ ಸರ್ಕಾರಿ ಮುಂಗಡಕ್ಕೆ ಗಟ್ಟಿ ಚೌಕಟ್ಟು ಕೊಟ್ಟಿತು. ಬಾವಿ, ಕೆರೆ, ಬಸಿಗಾಲುವೆಗಳ ಜೊತೆಗೆ ನೀರಿನ ಕೊರೆತದಿಂದ ನೆಲವನ್ನು ಕಾಪಾಡುವ ಕಾಮಗಾರಿಯನ್ನೂ ಅದು ಸಾಲಕ್ಕೆ ಅರ್ಹವೆಂದು ಎಣಿಸಿತು. ಅರ್ಜಿ ಬಂದಾಗ ಆಕ್ಷೇಪಣೆ ಇದ್ದವರು ಹೇಳಿಕೊಳ್ಳಲೆಂದು ಊರಿನಲ್ಲಿ ಪ್ರಕಟಣೆ ಹೊರಡಿಸಬಹುದಿತ್ತು. ತೀರಿಸಲು ಸಾಮಾನ್ಯವಾಗಿ 35 ವರ್ಷ ಮೀರದ ಅವಧಿ ಇತ್ತು. ಕಂತು ತಪ್ಪಿದರೆ ಬಾಕಿಯನ್ನು ಕಂದಾಯದ ಬಾಕಿಯಂತೆಯೇ ವಸೂಲು ಮಾಡಬಹುದಿತ್ತು. ಇದೇ ಕಾಯಿದೆಯ ಒಂಬತ್ತನೆಯ ಕಲಮು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಗ್ರಾಮ ಸಮುದಾಯದ ಸದಸ್ಯರು ಒಟ್ಟಾಗಿ ಸಾಲ ಪಡೆದು, ಇಡೀ ಮೊತ್ತಕ್ಕೆ ಎಲ್ಲರೂ ಸೇರಿಯೂ ಒಬ್ಬೊಬ್ಬರಾಗಿಯೂ ಹೊಣೆಯಾಗುವುದಕ್ಕೆ ಅದು ಎಡೆಮಾಡಿತ್ತು. ತಂತಮ್ಮಲ್ಲಿ ಯಾರ ಪಾಲು ಎಷ್ಟು ಎಂಬ ಪಟ್ಟಿಯನ್ನು ಸಾಲದ ಆದೇಶದ ಮೇಲೆಯೇ ಬರೆದು, ಪ್ರತಿಯೊಬ್ಬನೂ ಸಹಿಯನ್ನೋ ಮೊಹರನ್ನೋ ಗುರುತನ್ನೋ ಹಾಕಿದರೆ ಆ ಪಟ್ಟಿಯೇ ಕಡೆಯ ಸಾಕ್ಷ್ಯವಾಗುತ್ತಿತ್ತು. ಊರು ಒಂದು ಘಟಕವಾಗಿ ನೀರಿಗಾಗಿ ಸಾಲ ಎತ್ತುವ ದಾರಿ ಕಾಗದದ ಮೇಲಾದರೂ ತೆರೆದಿತ್ತು. ಆದರೆ ರೈತವಾರಿಯಲ್ಲಿ ತನ್ನ ಪಟ್ಟಾಕ್ಕೆ ತಾನೊಬ್ಬನೇ ಬಾಧ್ಯನಾಗಿ ಅಭ್ಯಾಸವಾಗಿದ್ದ ರೈತನು ನೆರೆಯವನ ಬಾಕಿಗೂ ತಲೆಯೊಡ್ಡಲು ಯಾಕೆ ಒಪ್ಪಿಯಾನು? ಕಪಿಲೆ ಹೊಡೆಯುವ ತನ್ನ ಹೊಲದ ಬಾವಿಗೆ ಸಾಲ ತೆಗೆಯುವುದೇ ಅವನಿಗೆ ಸಹಜವಾದ ಹಾದಿಯಾಗಿತ್ತು.

ಸ್ಥಳೀಯ ಸಂಸ್ಥೆಗಳಿಂದಲೂ ಕೆರೆಗೆ ನೆರವಾಗಲಿಲ್ಲ. 1884ರ ಕಾಯಿದೆಯಿಂದ ರೂಪುಗೊಂಡ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳ ಹೊಣೆ ಮುಖ್ಯವಾಗಿ ರಸ್ತೆ, ಶಾಲೆ, ಆಸ್ಪತ್ರೆ, ನೈರ್ಮಲ್ಯ. 1914ರ ಸ್ಥಳೀಯ ಪ್ರಾಧಿಕಾರಗಳ ಸಾಲದ ಕಾಯಿದೆ ಅಂಥ ಸಂಸ್ಥೆಗಳು ತಮ್ಮ ನಿಧಿಯ ಭದ್ರತೆಯ ಮೇಲೆ ಸಾಲ ಎತ್ತಲು ಅನುವು ಮಾಡಿಕೊಟ್ಟರೂ, ತಾವು ಕಾನೂನುಬದ್ಧವಾಗಿ ನಡೆಸಬಹುದಾದ ಕಾಮಗಾರಿಗಳಿಗಷ್ಟೇ ಅದು ಒದಗುತ್ತಿತ್ತು. ನೀರಾವರಿ ಕೆರೆಗಳು ಕಂದಾಯ ಇಲಾಖೆ ಮತ್ತು ಲೋಕೋಪಯೋಗಿ ಇಲಾಖೆಯ ಕೈಯಲ್ಲಿ ಉಳಿದವು.

ಸಾಲ ಹುಟ್ಟುವ ಕೆಲಸಗಳಿಗೂ ಊರ ಕೆರೆಗೂ ನಡುವಿನ ಅಂತರವನ್ನು ಸರ್ಕಾರದ ಲೆಕ್ಕಪುಸ್ತಕ ಇನ್ನಷ್ಟು ಹಿಗ್ಗಿಸಿತು. ಹಾಕಿದ ಬಂಡವಾಳಕ್ಕೆ ಗೊತ್ತಾದ ಪ್ರಮಾಣದ ಪ್ರತಿಫಲ ತರುವಂಥ ನೀರಾವರಿ ಕೆಲಸಗಳನ್ನು ಉತ್ಪಾದಕ ಎಂದು ವರ್ಗೀಕರಿಸಿ ಸಾಲದ ಹಣದಿಂದ ಕಟ್ಟುತ್ತಿದ್ದರು. ಹಳ್ಳಿಯ ಕೆರೆಗಳ ದುರಸ್ತಿ ಆಯಾ ವರ್ಷದ ಆದಾಯದಲ್ಲಿ ಮಿಕ್ಕದ್ದನ್ನು ನೋಡಿಕೊಂಡು ನಡೆಯಬೇಕಿತ್ತು. 1883ರಲ್ಲಿ ಶುರುವಾದ ಕೆರೆ ಪುನರುದ್ಧಾರ ಯೋಜನೆ ಹಲವು ದಶಕ ಕುಂಟುತ್ತ ಸಾಗಿದ್ದಕ್ಕೆ ಇದೂ ಒಂದು ಕಾರಣ. 1924ರ ಮೈಸೂರು–ಮದ್ರಾಸು ಒಪ್ಪಂದದ ನಂತರ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಇದಕ್ಕೆ ನೇರ ವಿರುದ್ಧವಾದ ಉದಾಹರಣೆ: ಅದಕ್ಕೆ ಸಾಲ ಹುಟ್ಟಿತು, ಆದರೆ ಅದು ನಿಂತದ್ದು ಸೇಲಂ ಜಿಲ್ಲೆಯ ನೆಲದಲ್ಲಿ, ಅದರ ನೀರಿನ ಬಹುಪಾಲು ಹರಿದದ್ದು ದೂರದ ತಂಜಾವೂರಿನ ಗದ್ದೆಗಳಿಗೆ.

ಪೇಟೆಯ ಹಣ ಹಳ್ಳಿಯ ಹೊಲಕ್ಕೆ ಸಾಲಪತ್ರದ ರೂಪದಲ್ಲಿ ಬಂದದ್ದು ಭೂ ಅಡಮಾನ ಬ್ಯಾಂಕುಗಳ ಮೂಲಕ. 1929ರಲ್ಲಿ ಮದ್ರಾಸಿನಲ್ಲಿ ಕೇಂದ್ರ ಭೂ ಅಡಮಾನ ಬ್ಯಾಂಕು ನೋಂದಣಿಯಾಯಿತು. 1934ರ ಕಾಯಿದೆ ಅದಕ್ಕೆ ಶಾಸನದ ಬಲ ನೀಡಿತು. ಇದರ ಕ್ರಮವನ್ನು ಬಿಡಿಸಿ ನೋಡಬೇಕು. ರೈತನು ತನ್ನ ಪ್ರದೇಶದ ಪ್ರಾಥಮಿಕ ಬ್ಯಾಂಕಿಗೆ ಅರ್ಜಿ ಹಾಕಿದರೆ, ಬ್ಯಾಂಕಿನವರು ಹೊಲವನ್ನು ನೋಡಿ ಬೆಲೆ ಕಟ್ಟಿ, ಹಕ್ಕಿನ ಕಾಗದಗಳನ್ನೂ ಹಿಂದಿನ ಋಣಭಾರವನ್ನೂ ಪರಿಶೀಲಿಸಿ, ಜಮೀನನ್ನು ಅಡಮಾನಕ್ಕೆ ಬರೆಸಿಕೊಳ್ಳುತ್ತಿದ್ದರು. ಆ ಅಡಮಾನ ಪತ್ರಗಳು ಕೇಂದ್ರ ಬ್ಯಾಂಕಿಗೆ ವರ್ಗವಾಗುತ್ತಿದ್ದವು. ಅವೆಲ್ಲದರ ಒಟ್ಟು ಭದ್ರತೆಯ ಮೇಲೆ ಕೇಂದ್ರ ಬ್ಯಾಂಕು ಡಿಬೆಂಚರುಗಳನ್ನು, ಅಂದರೆ ಗೊತ್ತಾದ ಬಡ್ಡಿ ಕೊಟ್ಟು ಅವಧಿ ಮುಗಿದಾಗ ಅಸಲನ್ನು ಹಿಂದಿರುಗಿಸುವ ಸಾಲಪತ್ರಗಳನ್ನು, ಹೊರಡಿಸಿ ಹಣ ಎತ್ತುತ್ತಿತ್ತು. ಅಸಲಿಗೂ ಬಡ್ಡಿಗೂ ಸರ್ಕಾರದ ಖಾತರಿ ಇದ್ದುದರಿಂದ, ಹೊಲವನ್ನು ಕಣ್ಣಿಂದ ಕಾಣದವರೂ ಅವನ್ನು ಧೈರ್ಯವಾಗಿ ಕೊಳ್ಳಬಹುದಾಗಿತ್ತು. ಮೊದಲ ವರ್ಷಗಳ ಸಾಲ ಹೆಚ್ಚಾಗಿ ಹಳೆಯ ಸಾಲ ತೀರಿಸುವುದಕ್ಕೇ ಹೋಯಿತು. ಬಾವಿ, ಪಂಪ್‌ಸೆಟ್ಟುಗಳ ಸರದಿ ಬಂದದ್ದು ಸ್ವಾತಂತ್ರ್ಯಾನಂತರ. ಅಲ್ಲಿಯೂ ಪಟ್ಟಾ ಇದ್ದವನಿಗೇ ಬಾಗಿಲು ತೆರೆಯಿತು. ನೆಡುಂಗಲ್ ಅಣೆಕಟ್ಟಿನಿಂದ ನೀರು ಪಡೆಯುವ ಬರೂರು ಕೆರೆಯಂಥ ದೊಡ್ಡ ಕೆರೆಯೂ ಅಡಮಾನದ ಪಟ್ಟಿಗೆ ಸೇರುವಂತಿರಲಿಲ್ಲ, ಏಕೆಂದರೆ ಅದನ್ನು ಬರೆದುಕೊಡಲು ಯಾರಿಗೂ ಹಕ್ಕಿರಲಿಲ್ಲ. ಕೆರೆ ಸೊರಗಿದಷ್ಟೂ ಬಾವಿಯ ಸಾಲಕ್ಕೆ ಗಿರಾಕಿ ಹೆಚ್ಚಿದರು. ಕೆರೆಯಿಂದ ಇಂಗಿದ ನೀರೇ ಬಾವಿಯನ್ನು ತುಂಬುತ್ತದೆಂಬ ಸಂಗತಿಗೆ ಬ್ಯಾಂಕಿನ ಬೆಲೆಪಟ್ಟಿಯಲ್ಲಿ ಅಂಕಣವಿರಲಿಲ್ಲ.

ಒಬ್ಬನ ಹೊಲಕ್ಕೆ ಸೀಮಿತವಲ್ಲದ ನೆಲದ ರಕ್ಷಣೆಯನ್ನು ಯಾರು ಹೊರಬೇಕೆಂಬ ಸಮಸ್ಯೆಗೆ ಅಮೆರಿಕದಲ್ಲಿ ಮಣ್ಣು ಸಂರಕ್ಷಣಾ ಜಿಲ್ಲೆ ಎಂಬ ಸ್ಥಳೀಯ ಸಂಸ್ಥೆಯನ್ನು ರೂಪಿಸಿದರು. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಾಜ್ಯಗಳಿಗೆ ಕಳುಹಿಸಿದ ಮಾದರಿ ಕಾಯಿದೆ ಈ ಜಿಲ್ಲೆಗಳಿಗೆ ತೆರಿಗೆ ಹಾಕುವ, ಬಾಂಡು ಹೊರಡಿಸುವ ಅಧಿಕಾರವನ್ನು ಕೊಟ್ಟಿರಲಿಲ್ಲ. ನಂತರ ಕೆಲವು ರಾಜ್ಯಗಳು ತಾವಾಗಿ ಕೊಟ್ಟವು. ತಮಿಳುನಾಡು ಹಿಡಿದ ದಾರಿ ಬೇರೆ. 1959ರ ಭೂ ಸುಧಾರಣಾ ಯೋಜನೆಗಳ ಕಾಯಿದೆಯಡಿ ಇಳಿಜಾರು ಹೊಲಗಳಿಗೆ ಸಮಪಾತಳಿ ಬದು, ಎಂದರೆ ಒಂದೇ ಎತ್ತರದ ಗೆರೆ ಹಿಡಿದು ಹಾಕುವ ಒಡ್ಡು, ಹಾಕುವಂಥ ಕೆಲಸವನ್ನು ಸರ್ಕಾರವೇ ಕೈಗೊಂಡು ಒಡೆಯನ ಪಾಲನ್ನು ಅವನಿಂದ ವಸೂಲು ಮಾಡುವ ಏರ್ಪಾಡಾಯಿತು. ಸಾಲದ ಹೊಣೆ ಮತ್ತೆ ಒಂಟಿ ಪಟ್ಟಾದಾರನ ಹೆಗಲಿಗೇ ಬಿತ್ತು.

ಚಿಕ್ಕ ಸಂಸ್ಥೆಗಳು ಒಟ್ಟುಗೂಡಿ ಸಾಲಪತ್ರ ಹೊರಡಿಸಬಹುದೆಂಬುದಕ್ಕೆ ತಮಿಳುನಾಡಿನಲ್ಲೇ 2002ರಲ್ಲಿ ನಿದರ್ಶನ ದೊರೆಯಿತು: 13 ಚಿಕ್ಕ ಪಟ್ಟಣಗಳ ನೀರು ಮತ್ತು ನೈರ್ಮಲ್ಯ ಕಾಮಗಾರಿಗಳಿಗಾಗಿ 30.41 ಕೋಟಿ ರೂಪಾಯಿಯ ಸಾಮೂಹಿಕ ಬಾಂಡು ಹೊರಟಿತು. ನೀರಿನ ಶುಲ್ಕ, ತೆರಿಗೆಗಳ ಹುಟ್ಟುವಳಿ ಇದ್ದ ಪಟ್ಟಣಗಳಿಗೆ ಅದು ಸಾಧ್ಯವಾಯಿತು. ಅಂಥ ಹುಟ್ಟುವಳಿ ಇಲ್ಲದ ಕೆರೆಗಳಿಗೆ ಹಣ ಈಗ ಬೇರೆ ಕಡೆಯಿಂದ ಬರುತ್ತದೆ: ಕೃಷಿ ಮುಂತಾದ ಆದ್ಯತಾ ವಲಯಕ್ಕೆ ಗುರಿಯಷ್ಟು ಸಾಲ ಕೊಡದ ಬ್ಯಾಂಕುಗಳ ಠೇವಣಿಯಿಂದ ನಬಾರ್ಡ್ 1995ರಲ್ಲಿ ಆರಂಭಿಸಿದ ಗ್ರಾಮೀಣ ಮೂಲಸೌಕರ್ಯ ನಿಧಿಯಿಂದ ರಾಜ್ಯ ಸರ್ಕಾರಗಳು ನೀರಾವರಿ ಕೆಲಸಗಳಿಗೆ ಸಾಲ ಪಡೆಯುತ್ತವೆ. 2017ರಲ್ಲಿ ತಮಿಳುನಾಡು ಸರ್ಕಾರ ಕುಡಿಮರಾಮತ್ತಿನ ಹೆಸರಿನಲ್ಲೇ ಹೊಸ ಯೋಜನೆಯೊಂದನ್ನು ಹೊರಡಿಸಿ, ಅಚ್ಚುಕಟ್ಟಿನ ರೈತರು ಹಣವಾಗಿಯೋ ಸಾಮಗ್ರಿಯಾಗಿಯೋ ದುಡಿಮೆಯಾಗಿಯೋ ವೆಚ್ಚದ ಶೇಕಡ 10ನ್ನು ಭರಿಸಬೇಕೆಂದು ಗೊತ್ತುಮಾಡಿತು. ಉಳಿದ ಶೇಕಡ 90 ಸರ್ಕಾರದ ಪಾಲಾಗಿತ್ತು.