ಕುದುರೆಯ ರಕ್ತದ ಕಿಣ್ವಗಳು: ಅಂಗಾಂಶ ಮೂಲದ ಶೋಧ

ಕುದುರೆಯ ರಕ್ತದಲ್ಲಿ ಏರಿದ ಕಿಣ್ವ ಯಾವ ಅಂಗದಿಂದ ಬಂತು ಎಂದು ಪತ್ತೆಮಾಡುವ ವಿದ್ಯೆ ಪಶುವೈದ್ಯ ಜೀವರಸಾಯನಶಾಸ್ತ್ರದ ಒಂದು ಶಾಖೆ. 1950ರ ದಶಕದ ಕೊನೆಯಿಂದ ಬೆಳೆದುಬಂದದ್ದು. ಕಿಣ್ವಗಳಲ್ಲಿ ಬಹುಪಾಲು ಜೀವಕೋಶದ ಒಳಗೇ ಕೆಲಸ ಮಾಡುತ್ತವೆ. ಕೋಶಕ್ಕೆ ಪೆಟ್ಟಾದಾಗ ಅವು ಹೊರಗೆ ಸೋರಿ ರಕ್ತ ಸೇರುತ್ತವೆ. ಆದರೆ ಒಂದೇ ಕಿಣ್ವ ಹಲವು ಅಂಗಗಳಲ್ಲಿರುತ್ತದೆ, ಒಂದೊಂದು ಪ್ರಾಣಿಯಲ್ಲಿ ಅದರ ಹಂಚಿಕೆ ಒಂದೊಂದು ತೆರ. ಈ ಶಾಖೆಯ ಇತಿಹಾಸವೆಲ್ಲ ಈ ಎರಡು ತೊಡಕುಗಳ ಸುತ್ತಲೇ ನಡೆದಿದೆ.

ಪ್ರಯೋಗಾಲಯಕ್ಕೆ ಕುದುರೆಯ ಅಂಗಾಂಶ ಹೊಸದೇನೂ ಆಗಿರಲಿಲ್ಲ. ಸ್ವೀಡನ್ನಿನ ಹ್ಯೂಗೋ ಥಿಯೊರೆಲ್ 1932ರಲ್ಲಿ ಮಯೋಗ್ಲೋಬಿನ್ ಎಂಬ ಪ್ರೋಟೀನನ್ನು ಹರಳಾಗಿಸಿದ್ದು ಕುದುರೆಯ ಹೃದಯದಿಂದ. 1948ರಲ್ಲಿ ಬೊನಿಕ್ಸೆನ್ ಮತ್ತು ವಾಸೆನ್ ಸ್ಟಾಕ್‌ಹೋಮಿನಲ್ಲಿ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕಿಣ್ವದ ಹರಳು ಪಡೆದದ್ದು ಅದರ ಯಕೃತ್ತಿನಿಂದ. ಅಲ್ಲೆಲ್ಲ ಕುದುರೆ ಬರಿಯ ಕಚ್ಚಾ ಸಾಮಗ್ರಿ. ಅದರ ಕಾಯಿಲೆಯನ್ನು ತಿಳಿಯುವುದಕ್ಕೆ ಕಿಣ್ವವನ್ನು ಬಳಸುವ ಆಲೋಚನೆ ಬಂದದ್ದು ಮನುಷ್ಯರ ವೈದ್ಯದಿಂದ. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೋಬ್ಲೆವ್ಸ್ಕಿ ಮತ್ತು ಕಾರ್ಮನ್, ಹೃದಯಾಘಾತವಾದವರ ರಕ್ತದಲ್ಲಿ ಈಗ ಎಎಸ್‌ಟಿ ಎಂದು ಕರೆಯುವ ಟ್ರಾನ್ಸಮಿನೇಸ್ ಏರುವುದನ್ನು ತೋರಿಸಿಕೊಟ್ಟರು. ಕಾರ್ಮನ್ ಮರುವರ್ಷ ಪ್ರಕಟಿಸಿದ ಅಳತೆಯ ವಿಧಾನ ಸರಳವಾಗಿದ್ದುದರಿಂದ ಬಲುಬೇಗ ಎಲ್ಲೆಡೆ ಹರಡಿತು.

ಪಶುವೈದ್ಯರೂ ಅದನ್ನು ಎತ್ತಿಕೊಂಡರು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಚಾರ್ಲ್ಸ್ ಕಾರ್ನೀಲಿಯಸ್ ಮತ್ತು ಸಂಗಡಿಗರು ಸಾಕುಪ್ರಾಣಿಗಳ ಸೀರಂ ಹಾಗೂ ಅಂಗಾಂಶಗಳೆರಡರಲ್ಲೂ ಟ್ರಾನ್ಸಮಿನೇಸ್‌ಗಳನ್ನು ಅಳೆದು 1959ರಲ್ಲಿ ಪ್ರಕಟಿಸಿದರು. ಅಂಗಾಂಶದ ಚೂರನ್ನು ಅರೆದು, ಒಂದು ಗ್ರಾಮಿನಲ್ಲಿ ಕಿಣ್ವದ ಚಟುವಟಿಕೆ ಎಷ್ಟಿದೆ ಎಂದು ನೋಡುವುದು ವಿಧಾನ. ಹೊರಬಿದ್ದ ಸಂಗತಿ ಮಾತ್ರ ಸಣ್ಣದಲ್ಲ: ನಾಯಿ, ಬೆಕ್ಕು, ಮನುಷ್ಯರ ಯಕೃತ್ತಿನಲ್ಲಿ ತುಂಬಿರುವ ಎಎಲ್‌ಟಿ ಎಂಬ ಇನ್ನೊಂದು ಟ್ರಾನ್ಸಮಿನೇಸ್ ಕುದುರೆಯ ಯಕೃತ್ತಿನಲ್ಲಿ ಅತ್ಯಲ್ಪ. ಯಕೃತ್ತು ಕೆಟ್ಟ ಕುದುರೆಯಲ್ಲೂ ಎಎಲ್‌ಟಿ ಏರದೇ ಇರಬಹುದು. ನಾಯಿಯ ಪಟ್ಟಿಯನ್ನು ಹಿಡಿದು ಕುದುರೆಯ ವರದಿ ಓದುವವರು ಇಂದಿಗೂ ಇಲ್ಲಿ ಎಡವುತ್ತಾರೆ. ಕಾರ್ನೀಲಿಯಸ್ ಮತ್ತು ಕನೆಕೊ 1963ರಲ್ಲಿ ಸಂಪಾದಿಸಿದ ಸಾಕುಪ್ರಾಣಿಗಳ ಕ್ಲಿನಿಕಲ್ ಜೀವರಸಾಯನಶಾಸ್ತ್ರದ ಗ್ರಂಥ ಈ ತಿಳಿವಳಿಕೆಯನ್ನು ಪಠ್ಯದೊಳಕ್ಕೆ ತಂದಿತು.

ಕುದುರೆಯ ಮಟ್ಟಿಗೆ ಹೆಚ್ಚು ಕೆಲಸ ನಡೆದದ್ದು ಸ್ನಾಯುವಿನ ಮೇಲೆ. ಭಾನುವಾರ ಲಾಯದಲ್ಲಿ ಸುಮ್ಮನೆ ನಿಂತು ಪೂರ್ತಿ ಮೇವು ತಿಂದ ಗಾಡಿ ಕುದುರೆ ಸೋಮವಾರ ನಡೆಯತೊಡಗಿದೊಡನೆ ಸೊಂಟ ಬಿಗಿದು ನಿಂತುಬಿಡುತ್ತಿತ್ತು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತಿತ್ತು. ಯೂರೋಪಿನಲ್ಲಿ ಇದನ್ನು ಸೋಮವಾರದ ರೋಗವೆಂದೇ ಕರೆಯುತ್ತಿದ್ದರು. ಮೂತ್ರಕ್ಕೆ ಬಣ್ಣ ಕೊಡುವುದು ಒಡೆದ ಸ್ನಾಯುವಿನ ಮಯೋಗ್ಲೋಬಿನ್. ಜಾರ್ಜ್ ಕಾರ್ಡಿನೆಟ್ ಮತ್ತು ಸಹಲೇಖಕರು 1967ರಲ್ಲಿ ಈ ರೋಗದಲ್ಲಿ ಕ್ರಿಯಾಟಿನ್ ಕೈನೇಸ್ (ಸಿಕೆ) ಮತ್ತು ಎಎಸ್‌ಟಿ ಎರಡನ್ನೂ ಜೊತೆಗಿಟ್ಟು ನೋಡಿದರು. ಎಎಸ್‌ಟಿ ಸ್ನಾಯು, ಹೃದಯ, ಯಕೃತ್ತು ಮೂರರಲ್ಲೂ ಇರುವುದರಿಂದ ಅದೊಂದರಿಂದ ಏನನ್ನೂ ನಿರ್ಧರಿಸಲಾಗದು. ಸಿಕೆ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಏರಿದ್ದರೆ ಬೆರಳು ಸ್ನಾಯುವಿನತ್ತ ತಿರುಗುತ್ತದೆ.

ಈ ಜೋಡಿಯಿಂದ ಇನ್ನೊಂದು ಲಾಭವಾಯಿತು, ನನ್ನ ಎಣಿಕೆಯಲ್ಲಿ ಮೊದಲಿನದಕ್ಕಿಂತ ದೊಡ್ಡದು. ಸಿಕೆ ಕೆಲವೇ ಗಂಟೆಗಳಲ್ಲಿ ಶಿಖರ ಮುಟ್ಟಿ ಬೇಗ ಇಳಿಯುತ್ತದೆ. ಎಎಸ್‌ಟಿ ನಿಧಾನವಾಗಿ ಏರಿ ವಾರಗಟ್ಟಲೆ ಉಳಿಯುತ್ತದೆ. ಸಿಕೆ ಇಳಿದು ಎಎಸ್‌ಟಿ ಮಾತ್ರ ಮೇಲಿದ್ದರೆ ಪೆಟ್ಟು ಬಿದ್ದು ಕೆಲವು ದಿನಗಳಾಗಿವೆ ಎಂದರ್ಥ. ಕಿಣ್ವ ಎಲ್ಲಿಂದ ಬಂತು ಎಂಬುದರ ಜೊತೆಗೆ ಯಾವಾಗ ಬಂತು ಎಂಬುದೂ ಹೀಗೆ ಲೆಕ್ಕಕ್ಕೆ ಸೇರಿತು. 1994ರಲ್ಲಿ ಫ್ರಾನ್ಸಿನ ಟೂಲೂಸ್ ಪಶುವೈದ್ಯ ಶಾಲೆಯ ಸಂಶೋಧಕರು ಕುದುರೆಯ ಸಿಕೆಗೆ ರಕ್ತದಲ್ಲಿ ಸುಮಾರು 2 ಗಂಟೆಗಳ ಅರ್ಧಾಯುಷ್ಯವೆಂದು ಕಂಡು, ವ್ಯಾಯಾಮದಲ್ಲಿ ಹಾಳಾದ ಸ್ನಾಯು ಎಷ್ಟು ಎಂದು ಅಂದಾಜಿಸುವ ಲೆಕ್ಕಾಚಾರವನ್ನೂ ಕಟ್ಟಿದರು.

ಒಂದೇ ಕಿಣ್ವ ಬೇರೆ ಬೇರೆ ಅಂಗಗಳಲ್ಲಿ ಬೇರೆ ರೂಪ ತಳೆಯುತ್ತದೆ ಎಂಬ ವಿಚಾರ 1959ರಲ್ಲಿ ಮಾರ್ಕರ್ಟ್ ಮತ್ತು ಮೊಲರ್ ಅವರ ಪ್ರಬಂಧದಿಂದ ನೆಲೆಗೊಂಡಿತು. ಈ ರೂಪಗಳೇ ಐಸೊಎನ್‌ಜೈಮ್‌ಗಳು. ವಿದ್ಯುತ್ ಹಾಯಿಸಿದ ಜೆಲ್‌ನಲ್ಲಿ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಐದು ಪಟ್ಟೆಗಳಾಗಿ ಬೇರ್ಪಡುತ್ತದೆ. ಹೃದಯದಲ್ಲಿ ಒಂದು ತುದಿಯದು ಹೆಚ್ಚು, ಓಟದ ಸ್ನಾಯುವಿನಲ್ಲಿ ಇನ್ನೊಂದು ತುದಿಯದು. ಥಾರ್ನ್‌ಟನ್ ಮತ್ತು ಲೋಹ್ನಿ 1979ರಲ್ಲಿ ಕುದುರೆಯ ಅಂಗಾಂಶ ಮತ್ತು ರಕ್ತದಲ್ಲಿ ಈ ಕಿಣ್ವವನ್ನೂ ಸಿಕೆಯನ್ನೂ ಅಳೆದರು. 1982ರಲ್ಲಿ ಆರ್ಗಿರೂಡಿಸ್, ಕೆಂಟ್ ಮತ್ತು ಬ್ಲ್ಯಾಕ್‌ಮೋರ್ ಸಿಕೆಯ ಐಸೊಎನ್‌ಜೈಮ್‌ಗಳನ್ನು ಪರಿಶೀಲಿಸಿದರು. ಮನುಷ್ಯರಲ್ಲಿ ಹೃದಯದ ಗುರುತಾಗಿದ್ದ ಎಂಬಿ ರೂಪ ಕುದುರೆಯ ವೈದ್ಯದಲ್ಲಿ ಅಷ್ಟು ನೆಚ್ಚಿಕೆಗೆ ಒದಗಲಿಲ್ಲ. ಹೃದಯದ ಪ್ರಶ್ನೆಗೆ ಉತ್ತರ ಕೊನೆಗೂ ಕಿಣ್ವದಿಂದ ಬರಲಿಲ್ಲ; ಇಂದು ಅಲ್ಲಿ ಅಳೆಯುವುದು ಟ್ರೊಪೋನಿನ್ ಎಂಬ ಪ್ರೋಟೀನನ್ನು.

ಬೇರ್ಪಡಿಸದೆಯೇ ಮೂಲ ತಿಳಿಯುವ ಉಪಾಯವೂ ಇತ್ತು. ಆಲ್ಕಲೈನ್ ಫಾಸ್ಫಟೇಸ್ ಮೂಳೆ, ಯಕೃತ್ತು, ಕರುಳು ಎಲ್ಲದರಿಂದಲೂ ಬರುತ್ತದೆ. ಮರಿಗಳಲ್ಲಿ ಬೆಳೆಯುವ ಮೂಳೆಯ ಪಾಲು ದೊಡ್ಡದು. ಫಿನೈಲಲನಿನ್ ಎಂಬ ಅಮೈನೋ ಆಮ್ಲ ಸೇರಿಸಿದರೆ ಕರುಳಿನ ರೂಪ ವಿಶೇಷವಾಗಿ ಕುಗ್ಗುತ್ತದೆ. ಬ್ಲ್ಯಾಕ್‌ಮೋರ್ ಮತ್ತು ಪಾಮರ್ 1977ರಲ್ಲಿ ಇದನ್ನೇ ಕುದುರೆಯ ಕರುಳಿನ ಕೋಶಗಳಿಗಾದ ಹಾನಿಯ ಪತ್ತೆಗೆ ಬಳಸಿದರು.

ಎಎಲ್‌ಟಿ ಬಿಟ್ಟುಕೊಟ್ಟ ಜಾಗಕ್ಕೆ ಯಕೃತ್ತಿನ ಪರವಾಗಿ ಸಾರ್ಬಿಟಾಲ್ ಡಿಹೈಡ್ರೋಜಿನೇಸ್ ಮತ್ತು ಗ್ಲುಟಮೇಟ್ ಡಿಹೈಡ್ರೋಜಿನೇಸ್ ಬಂದವು. ಮೊದಲನೆಯದು ಹೆಚ್ಚು ನಿಖರ, ಆದರೆ ಮಾದರಿಯಲ್ಲಿ ಬಹಳ ಹೊತ್ತು ನಿಲ್ಲದು. ಪ್ರಯೋಗಾಲಯ ದೂರವಿದ್ದರೆ ತೊಂದರೆ. ಪಿತ್ತನಾಳಗಳ ತೊಂದರೆ ತಿಳಿಯಲು ಜಿಜಿಟಿ ಎಂಬ ಕಿಣ್ವವನ್ನು ಆಶ್ರಯಿಸುತ್ತಾರೆ. ಅರೆದ ಅಂಗಾಂಶದ ಲೆಕ್ಕ ಸಾಲದು ಎನ್ನುವುದಕ್ಕೆ ಜಿಜಿಟಿಯಷ್ಟು ಒಳ್ಳೆಯ ಉದಾಹರಣೆ ಇಲ್ಲ. ಮೂತ್ರಪಿಂಡದಲ್ಲಿ ಅದು ಧಾರಾಳವಾಗಿದೆ, ಆದರೆ ಅಲ್ಲಿನ ನಾಳಗಳು ಗಾಸಿಗೊಂಡಾಗ ಅದು ಮೂತ್ರಕ್ಕೆ ಬೀಳುತ್ತದೆಯೇ ಹೊರತು ರಕ್ತಕ್ಕಲ್ಲ. ಹಾಗಾಗಿ ಮೂತ್ರಪಿಂಡದ ತೊಂದರೆ ನೋಡಲು ಮೂತ್ರದ ಜಿಜಿಟಿಯನ್ನೇ ಕ್ರಿಯಾಟಿನಿನ್ ಜೊತೆ ಅನುಪಾತವಾಗಿ ಅಳೆಯುತ್ತಾರೆ. ಇನ್ನು ಕಠಿಣ ತರಬೇತಿಯಲ್ಲಿರುವ ಕೆಲವು ರೇಸ್ ಕುದುರೆಗಳಲ್ಲಿ ಯಕೃತ್ತಿನ ಉಳಿದ ಕಿಣ್ವಗಳು ಸರಿಯಿದ್ದೂ ರಕ್ತದ ಜಿಜಿಟಿ ಮಾತ್ರ ಏರಿರುತ್ತದೆ. ಅದರ ಕಾರಣದ ಬಗ್ಗೆ ಸಂಶೋಧಕರ ಚರ್ಚೆ ಮುಗಿದಿಲ್ಲ.